ಮದ್ದಿಲ್ಲದ ಕಾಲದ ಡಾಕ್ಟರು



ಎಲ್ಲರೂ ಬಂದಿದ್ದೀರಿ. ಕೆಲಸ ಮುಗಿಸಿ, ನೀರು ಹಿಡಿದಿಟ್ಟು, ಮಕ್ಕಳಿಗೆ ಹೇಳಿ ಬಂದಿದ್ದೀರಿ. ನಿಮ್ಮ ಹತ್ತಿರ ಹೊತ್ತು ಹೆಚ್ಚಿಲ್ಲ. ನೇರವಾಗಿ ಮಾತಿಗೆ ಬರುತ್ತೇವೆ.

ಹೋದ ವಾರ ನಾವೆಲ್ಲ ಬೋರ್ಡು ಓದುವ ಪಾಠ ಮಾಡಿದೆವು. ಬೈಯಪ್ಪನಹಳ್ಳಿಯಿಂದ ಹೊರಟು ಹಳೇ ಮದ್ರಾಸು ರಸ್ತೆಯಲ್ಲಿ ನಡೆದೆವು. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಮೆಟ್ರೋ ಬೋರ್ಡು ಎಲ್ಲ ಓದಿದೆವು. ಇಂದಿರಾನಗರದ ಹತ್ತಿರ ಒಂದು ಆಸ್ಪತ್ರೆ ಇದೆ. ಅಲ್ಲಿ ಒಬ್ಬ ಅಕ್ಕ ನಿಂತುಬಿಟ್ಟರು. ‘ಸಾಂ... ಕ್ರಾ... ಮಿಕ’ ಅಂತ ಬಿಡಿಸಿ ಬಿಡಿಸಿ ಓದಿದರು. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು:

"ಇದು ಐಸೊಲೇಷನ್ ಆಸ್ಪತ್ರೆ ಅಲ್ವಾ? ನಮ್ಮಮ್ಮ ಹಾಗೇ ಅಂತಿದ್ದರು. ವಾಂತಿ ಭೇದಿ ಆದವರನ್ನ ಇಲ್ಲಿಗೇ ಹಾಕ್ತಿದ್ದರು. ಸಾಂಕ್ರಾಮಿಕ ಅಂದರೆ ಏನು?"

ಒಬ್ಬರಿಂದ ಒಬ್ಬರಿಗೆ ಹರಡುವ ರೋಗ ಅಂತ ಅರ್ಥ. ಐಸೊಲೇಷನ್ ಅಂದರೆ ಬೇರೆ ಇಡುವುದು. ಅಷ್ಟು ಹೇಳಿ ಮುಂದೆ ನಡೆದೆವು. ಆದರೆ ಆ ಅಕ್ಕ ಬಿಡಲಿಲ್ಲ. "ಬೇರೆ ಇಡೋದು ಯಾಕೆ? ಮಾತ್ರೆ ಕೊಟ್ಟರೆ ಆಗಲ್ವಾ?" ಅಂದರು.

ಮಾತ್ರೆಯೇ ಇಲ್ಲದ ಕಾಲ ಒಂದಿತ್ತು. ಆ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿ ಒಬ್ಬ ಡಾಕ್ಟರು ಇದ್ದರು. ಇವತ್ತು ಅವರ ಕತೆ ಹೇಳುತ್ತೇವೆ. ಅವರ ಹೆಸರು ಪದ್ಮನಾಭನ್ ಪಲ್ಪು. ಜನ ಡಾಕ್ಟರ್ ಪಲ್ಪು ಅನ್ನುತ್ತಿದ್ದರು.

ಪಲ್ಪು ನಮ್ಮ ಊರಿನವರಲ್ಲ. 1863ರ ನವೆಂಬರ್ 2ರಂದು ಕೇರಳದ ತಿರುವನಂತಪುರದಲ್ಲಿ ಹುಟ್ಟಿದರು. ಆಗ ಅದು ತಿರುವಾಂಕೂರು ರಾಜ್ಯ. ಅವರದು ಈಳವ ಜಾತಿ. ನಮ್ಮ ಕಡೆ ಈಡಿಗರು, ಮಂಗಳೂರು ಕಡೆ ಬಿಲ್ಲವರು ಇದ್ದ ಹಾಗೆ. ಆ ರಾಜ್ಯದಲ್ಲಿ ಈಳವರನ್ನು ದೂರ ಇಡುತ್ತಿದ್ದರು. ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಬಹಳಷ್ಟು ಶಾಲೆಗಳ ಬಾಗಿಲು ಅವರಿಗೆ ತೆರೆದಿರಲಿಲ್ಲ. ಸರ್ಕಾರಿ ಕೆಲಸ ಸಿಗುತ್ತಿರಲಿಲ್ಲ.

ಹುಡುಗ ಪಲ್ಪುಗೆ ಡಾಕ್ಟರಾಗುವ ಆಸೆ. ಪರೀಕ್ಷೆ ಬರೆದ. ಪಾಸಾದ. ಆದರೂ ಅಲ್ಲಿ ಸೇರಿಸಿಕೊಳ್ಳಲಿಲ್ಲ. ಆಗ ಮದ್ರಾಸಿಗೆ ಹೋದ. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಓದಿ 1889ರಲ್ಲಿ ಡಾಕ್ಟರಾದ. ಈಗಲಾದರೂ ಊರಿನಲ್ಲಿ ಕೆಲಸ ಕೊಡುತ್ತಾರೆ ಅಂತ ಅರ್ಜಿ ಹಾಕಿದರು. ಕೊಡಲಿಲ್ಲ. ರೋಗಿ ನಾಡಿ ಹಿಡಿಯುವ ಕೈ ಯಾವ ಜಾತಿಯದು ಅಂತ ನೋಡಿದ ಸರ್ಕಾರ ಅದು. ನಮಗೆ ಇದನ್ನು ಓದುವಾಗ ಸಿಟ್ಟು ಬಂತು. ನಿಮಗೂ ಬರಬಹುದು.

ಪಲ್ಪು ಮೊದಲು ಮದ್ರಾಸಿನಲ್ಲಿ, ಆಮೇಲೆ ನಮ್ಮ ಮೈಸೂರು ಸರ್ಕಾರದಲ್ಲಿ ಕೆಲಸಕ್ಕೆ ಸೇರಿದರು. ಬೆಂಗಳೂರಿಗೆ ಬಂದರು. ಇಲ್ಲಿ ಅವರ ಕೆಲಸ ಸಿಡುಬಿನ ಲಸಿಕೆ ತಯಾರು ಮಾಡುವುದು.

ಸಿಡುಬು ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಅಮ್ಮ ಬಂದಿದ್ದಾಳೆ ಅನ್ನುತ್ತಿದ್ದೆವು. ಬೇವಿನ ಸೊಪ್ಪು ಕಟ್ಟುತ್ತಿದ್ದೆವು. ಮಕ್ಕಳು ಸಾಯುತ್ತಿದ್ದವು. ಉಳಿದರೆ ಮುಖದ ತುಂಬ ಕಲೆ, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ಸಿಡುಬಿಗೆ ಮದ್ದಿರಲಿಲ್ಲ. ಬರದ ಹಾಗೆ ತಡೆಯುವ ಉಪಾಯ ಮಾತ್ರ ಇತ್ತು. ಅದಕ್ಕೆ ದೇವಿ ಹಾಕುವುದು ಅನ್ನುತ್ತಿದ್ದರು. ಕರುವಿನ ಚರ್ಮ ಸ್ವಲ್ಪ ಕೆರೆದು ಅಲ್ಲಿ ಸೋಂಕು ಹಾಕುತ್ತಿದ್ದರು. ಕೆಲವು ದಿನಕ್ಕೆ ಗುಳ್ಳೆ ಏಳುತ್ತಿತ್ತು. ಆ ಗುಳ್ಳೆಯ ರಸ ತೆಗೆದು ಚೊಕ್ಕಟ ಮಾಡಿ ಮನುಷ್ಯರ ತೋಳಿಗೆ ಹಾಕುತ್ತಿದ್ದರು. ಐವತ್ತು ದಾಟಿದವರು ನಿಮ್ಮ ತೋಳು ನೋಡಿಕೊಳ್ಳಿ. ಅಗಲವಾದ ಕಲೆ ಇದ್ದರೆ ಅದು ದೇವಿ ಹಾಕಿದ ಗುರುತು. ಮಕ್ಕಳ ತೋಳಿನ ಸಣ್ಣ ಕಲೆ ಬೇರೆ, ಅದು ಬಿಸಿಜಿ.

ಈ ರಸ ಕೆಡಬಾರದು. ಬಿಸಿಲಿಗೆ ಇಟ್ಟರೆ ಕೆಡುತ್ತದೆ. ಕೊಳೆ ಸೇರಿದರೆ ಮಗುವಿಗೆ ಕೀವಾಗುತ್ತದೆ. ಫ್ರಿಜ್ ಇಲ್ಲದ ಕಾಲ. ಅಂಥ ಕೆಲಸವನ್ನು ಪಲ್ಪು ಶಿಸ್ತಾಗಿ ಮಾಡಿದರು. ನಮ್ಮ ದೇಶದಲ್ಲಿ ಕಡೆಯ ಸಿಡುಬು ಕಂಡದ್ದು 1975ರಲ್ಲಿ. ಈಗ ಅದು ಲೋಕದಲ್ಲೇ ಇಲ್ಲ. ಹೆಸರಿಲ್ಲದ ಎಷ್ಟೋ ಜನ ಕರು ಹಿಡಿದು, ಊರೂರು ಸುತ್ತಿ ದೇವಿ ಹಾಕಿ ಅದನ್ನು ಓಡಿಸಿದರು.

ಈಗ 1898ಕ್ಕೆ ಬರೋಣ.

ನಮ್ಮ ಅಜ್ಜಿಯರು ವಯಸ್ಸು ಹೇಳುತ್ತಿದ್ದದ್ದು ನೆನಪಿದೆಯಾ? ಹುಟ್ಟಿದ ತಾರೀಕು ಯಾರಿಗೂ ಗೊತ್ತಿರಲಿಲ್ಲ. "ಪ್ಲೇಗು ಬಂದು ಊರು ಬಿಟ್ಟ ವರ್ಷ ನಾನು ತೊಟ್ಟಿಲಲ್ಲಿದ್ದೆ" ಅನ್ನುತ್ತಿದ್ದರು. ಆ ಪ್ಲೇಗು ಬೆಂಗಳೂರಿಗೆ ಮೊದಲು ಬಂದದ್ದು 1898ರ ಆಗಸ್ಟ್ ತಿಂಗಳಲ್ಲಿ. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂತು.

ರೈಲು ಒಳ್ಳೆಯದೇ. ನಮ್ಮ ಬೈಯಪ್ಪನಹಳ್ಳಿ ಮೇಲೆ ಹೋಗುವ ಜೋಲಾರಪೇಟೆ ದಾರಿ 1864ರಲ್ಲೇ ಆಯಿತು. 2022ರಲ್ಲಿ ಇಲ್ಲೇ ದೊಡ್ಡ ವಿಶ್ವೇಶ್ವರಯ್ಯ ಟರ್ಮಿನಲ್ ಕೂಡ ಶುರುವಾಯಿತು. ಆದರೆ ರೈಲಿನಲ್ಲಿ ಜನ ಬರುತ್ತಾರೆ, ಕಾಳಿನ ಮೂಟೆ ಬರುತ್ತದೆ, ಮೂಟೆ ಜೊತೆ ಇಲಿ ಬರುತ್ತದೆ. ಪ್ಲೇಗು ಇಲಿಯ ರೋಗ. ಇಲಿ ಮೈಯಲ್ಲಿ ಚಿಗಟ ಇರುತ್ತದೆ. ಇಲಿ ಸತ್ತರೆ ಚಿಗಟಕ್ಕೆ ರಕ್ತ ಬೇಕಲ್ಲ, ಹಾರಿ ಮನುಷ್ಯರನ್ನು ಕಚ್ಚುತ್ತದೆ. ಆಗ ರೋಗದ ಕ್ರಿಮಿ ಒಳಗೆ ಹೋಗುತ್ತದೆ. ಜೋರು ಜ್ವರ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ. ಮದ್ದಿಲ್ಲದೆ ಹೋದರೆ ಅರ್ಧಕ್ಕಿಂತ ಹೆಚ್ಚು ಜನ ಸಾಯುತ್ತಾರೆ, ಅದೂ ಕೆಲವೇ ದಿನಗಳಲ್ಲಿ.

ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಅನ್ನುವ ಡಾಕ್ಟರು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದಿದ್ದರು. ಚಿಗಟದ ಗುಟ್ಟು 1898ರಲ್ಲಿ ಇನ್ನೊಬ್ಬರು ಹೇಳಿದರು, ಸೀಮೋನ್ ಅಂತ ಅವರ ಹೆಸರು. ಅವರ ಮಾತನ್ನು ಯಾರೂ ಬೇಗ ನಂಬಲಿಲ್ಲ. ಆದರೆ ನಮ್ಮ ಹಳ್ಳಿಯವರಿಗೆ ಅರ್ಧ ಗುಟ್ಟು ಅನುಭವದಿಂದಲೇ ತಿಳಿದಿತ್ತು. ಮನೆಯಲ್ಲಿ ಇಲಿ ಬಿದ್ದರೆ ಸಾಮಾನು ಕಟ್ಟಿಕೊಂಡು ಊರ ಹೊರಗೆ ಗುಡಿಸಲು ಹಾಕುತ್ತಿದ್ದರು. ಓದಿದವರು ಮಾತ್ರ ಬುದ್ಧಿವಂತರು ಅಂತ ಯಾರಾದರೂ ಅಂದರೆ ಇದನ್ನು ಹೇಳಿ.

ಆಗ ಮೈಸೂರು ರಾಜ್ಯ ನೋಡಿಕೊಳ್ಳುತ್ತಿದ್ದದ್ದು ಒಬ್ಬ ಹೆಂಗಸು. ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಮಗ ಇನ್ನೂ ಚಿಕ್ಕವನು, ತಾಯಿ ರಾಜ್ಯಭಾರ ಮಾಡುತ್ತಿದ್ದರು. ನಾವು ಹೆರಿಗೆಗೆ ಹೋಗುವ ವಾಣಿವಿಲಾಸ ಆಸ್ಪತ್ರೆ ಅವರ ಹೆಸರಿನದೇ. ಪ್ಲೇಗಿನ ಕೆಲಸಕ್ಕೆ ವಿ. ಪಿ. ಮಾಧವರಾವ್ ಅವರನ್ನು ಕಮಿಷನರ್ ಮಾಡಿದರು. ನಮ್ಮ ಹಲಸೂರು, ಶಿವಾಜಿನಗರ ಎಲ್ಲ ಆಗ ದಂಡು, ಬ್ರಿಟಿಷರ ಕೈಯಲ್ಲಿತ್ತು. ಪೇಟೆ ಮಹಾರಾಜರ ಕೈಯಲ್ಲಿತ್ತು. ಆಡಳಿತ ಎರಡು. ಪ್ಲೇಗಿಗೆ ಮಾತ್ರ ಗಡಿ ಗೊತ್ತಿರಲಿಲ್ಲ.

ಊರಿನ ಜನ ಓಡಿದರು. ಅಂಗಡಿ ಮುಚ್ಚಿದವು. ಹೆಣ ಎತ್ತಲು ಜನ ಸಿಗಲಿಲ್ಲ. ಪಲ್ಪು ಅವರಿಗೆ ಆಗ 34 ವರ್ಷ. ಹೆಂಡತಿ ಮಕ್ಕಳು ಇದ್ದರು. ಅವರು ಓಡಲಿಲ್ಲ. ಪ್ಲೇಗ್ ಕ್ಯಾಂಪಿನ ಕೆಲಸಕ್ಕೆ ನಿಂತರು. ರೋಗಿಗಳನ್ನು ಬೇರೆ ಇಟ್ಟು ನೋಡಿಕೊಳ್ಳುವ ಜಾಗ ಅದು. ಅಲ್ಲಿ ಸಾಯುವವರ ನಡುವೆ, ಸತ್ತವರ ನಡುವೆ ಹಗಲು ರಾತ್ರಿ ಕೆಲಸ ಮಾಡಿದರು. ಹೆಣಗಳ ಸಂಸ್ಕಾರವನ್ನೂ ನೋಡಿಕೊಂಡರು. ತನ್ನ ಊರಿನಲ್ಲಿ ಮುಟ್ಟಬಾರದವನು ಅನ್ನಿಸಿಕೊಂಡವರು, ಇಲ್ಲಿ ಯಾರೂ ಮುಟ್ಟದ ರೋಗಿಯನ್ನು ಮುಟ್ಟಿದರು.

ಅವರ ಕೈಯಲ್ಲಿ ಏನಿತ್ತು? ಯೋಚನೆ ಮಾಡಿ. ಪ್ಲೇಗಿಗೆ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಹಾಫ್‌ಕಿನ್ ಅನ್ನುವವರು 1897ರಲ್ಲಿ ಮುಂಬಯಿಯಲ್ಲಿ ಒಂದು ಚುಚ್ಚುಮದ್ದು ಮಾಡಿದ್ದರು. ಮೊದಲು ತಮಗೇ ಚುಚ್ಚಿಕೊಂಡರು. ಅದು ರೋಗ ಬರುವುದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತಿತ್ತು. ಬಂದ ಮೇಲೆ ಗುಣ ಮಾಡುತ್ತಿರಲಿಲ್ಲ. ಹಾಗಾಗಿ ಬೇರೆ ಇಡುವುದು, ಮನೆ ತೊಳೆಯುವುದು, ಬಟ್ಟೆ ಸುಡುವುದು, ಸೂರು ತೆಗೆದು ಬಿಸಿಲು ಬಿಡುವುದು, ಬಾಯಿಗೆ ನೀರು ಗಂಜಿ ಹಾಕುವುದು. ಡಾಕ್ಟರ ಕೈಯಲ್ಲಿ ಇದ್ದದ್ದು ಇಷ್ಟೇ.

ಜನ ಒಪ್ಪಿದರಾ? ಇಲ್ಲ. ಯಾಕೆ ಒಪ್ಪಬೇಕು? ಪೊಲೀಸು, ಸೈನಿಕರು ಮನೆಗೆ ನುಗ್ಗುತ್ತಿದ್ದರು. ಗಡ್ಡೆ ಇದೆಯಾ ನೋಡಬೇಕು ಅಂತ ಹೆಂಗಸರ ಕಂಕುಳು ಮುಟ್ಟಿ ನೋಡುತ್ತಿದ್ದರು. ಪುಣೆಯಲ್ಲಿ ಇದೇ ಸಿಟ್ಟಿಗೆ 1897ರಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಅವರ ಕೊಲೆಯೇ ಆಯಿತು. ಕ್ಯಾಂಪಿಗೆ ಹೋದವರು ವಾಪಸ್ಸು ಬರುತ್ತಿರಲಿಲ್ಲ. ಅದಕ್ಕೇ ಮನೆಯವರು ರೋಗಿಯನ್ನು ಬಚ್ಚಿಡುತ್ತಿದ್ದರು. ಪ್ಲೇಗಮ್ಮನಿಗೆ ಗುಡಿ ಕಟ್ಟಿ ಹರಕೆ ಹೊತ್ತರು. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಈಗಲೂ ಇವೆ. ಇದನ್ನು ನೋಡಿ ನಗುವವರು ಇದ್ದಾರೆ. ನಾವು ನಗುವುದಿಲ್ಲ. ಡಾಕ್ಟರ ಹತ್ತಿರ ಮದ್ದಿಲ್ಲದಾಗ ತಾಯಿ ಯಾರ ಹತ್ತಿರ ಹೋಗಬೇಕು?

ಆ ಪ್ಲೇಗು ಸಾವಿರಾರು ಜನರನ್ನು ತಿಂದಿತು. ಊರಿನ ರೂಪವೂ ಬದಲಾಯಿತು. ಪೇಟೆಯ ಇಕ್ಕಟ್ಟು ಸಾಕು ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆ ಬೆಳೆಸಿದರು. ದಂಡಿನ ಕಡೆ ಫ್ರೇಜರ್ ಟೌನ್ ಕಟ್ಟಿದರು. ಈಗ ಪುಲಕೇಶಿನಗರ ಅನ್ನುತ್ತೇವೆ. ನಿಮ್ಮಲ್ಲಿ ಕೆಲವರು ಅಲ್ಲಿ ಮನೆಗೆಲಸಕ್ಕೆ ಹೋಗುತ್ತೀರಿ. ಮನೆ ಮನೆ ನಡುವೆ ಜಾಗ, ಅಗಲವಾದ ರಸ್ತೆ ನೋಡಿದ್ದೀರಿ. ಗಾಳಿ ಬೆಳಕು ಇರಲಿ, ಇಲಿ ಸೇರದಿರಲಿ ಅಂತ ಹಾಗೆ ಮಾಡಿದ್ದು. ನಮ್ಮ ವಠಾರದ ಸಾಲು ಮನೆಗಳನ್ನು ಕಟ್ಟಿದವರಿಗೆ ಇದು ಯಾಕೆ ನೆನಪಾಗಲಿಲ್ಲವೋ!

ಪ್ಲೇಗಿನ ಕೆಲಸ ನೋಡಿದ ಮೈಸೂರು ಸರ್ಕಾರ ಪಲ್ಪು ಅವರನ್ನು ಹೆಚ್ಚಿನ ಓದಿಗೆ ಯೂರೋಪಿಗೆ ಕಳಿಸಿತು. ಅಲ್ಲಿ ಕ್ರಿಮಿಗಳ ವಿಷಯ, ಲಸಿಕೆಯ ವಿಷಯ ಕಲಿತು ಬಂದರು. ಬೆಂಗಳೂರು ನಗರದ ಆರೋಗ್ಯ ಅಧಿಕಾರಿಯಾದರು. 1920ರಲ್ಲಿ ನಿವೃತ್ತಿ ಆದರು.

ಇಷ್ಟರ ನಡುವೆ ಇನ್ನೊಂದು ಕೆಲಸ ಮಾಡಿದ್ದರು. ಅದನ್ನು ನಿಮಗೆ ಹೇಳಲೇಬೇಕು. 1896ರಲ್ಲಿ ತಿರುವಾಂಕೂರಿನ ರಾಜರಿಗೆ ಒಂದು ಮನವಿ ಕೊಟ್ಟರು. ನಮ್ಮ ಜನರಿಗೂ ಶಾಲೆ ಕೊಡಿ, ಸರ್ಕಾರಿ ಕೆಲಸ ಕೊಡಿ ಅಂತ. ಆ ಮನವಿಗೆ 13,176 ಜನರ ಸಹಿ ಇತ್ತು. ಹೋದ ತಿಂಗಳು ಹೆಬ್ಬೆಟ್ಟು ಬಿಟ್ಟು ಮೊದಲ ಸಹಿ ಹಾಕಿದಾಗ ನಿಮ್ಮ ಕೈ ಹೇಗೆ ನಡುಗಿತು? ಒಂದೊಂದು ಹೆಸರನ್ನೂ ಕೂಡಿಸಿ ಅಷ್ಟು ದೊಡ್ಡ ಕಟ್ಟು ಮಾಡುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಆಮೇಲೆ 1903ರಲ್ಲಿ ನಾರಾಯಣ ಗುರುಗಳ ಜೊತೆ ಸೇರಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಅನ್ನುವ ಸಂಘ ಕಟ್ಟಿದರು. ಮಂಗಳೂರಿನ ಕುದ್ರೋಳಿ ದೇವಸ್ಥಾನದಲ್ಲಿ 1912ರಲ್ಲಿ ಪ್ರತಿಷ್ಠೆ ಮಾಡಿದ್ದು ಇದೇ ಗುರುಗಳು.

ಈಗ ಆ ಅಕ್ಕನ ಪ್ರಶ್ನೆಗೆ ಬರೋಣ. ಮಾತ್ರೆ ಯಾವಾಗ ಬಂತು?

ಪಲ್ಪು ಬದುಕಿದ್ದಾಗಲೇ ಬಂತು. ಅವರು ತೀರಿಕೊಂಡದ್ದು 1950ರ ಜನವರಿ 25ರಂದು. ಅದಕ್ಕೆ ಏಳು ವರ್ಷ ಮುಂಚೆ, 1943ರಲ್ಲಿ, ಅಮೆರಿಕದಲ್ಲಿ ಆಲ್ಬರ್ಟ್ ಶಾಟ್ಸ್ ಅನ್ನುವ ಹುಡುಗ ಮಣ್ಣಿನಲ್ಲಿ ಒಂದು ಸಣ್ಣ ಜೀವಿ ಹುಡುಕಿದ. ಕಣ್ಣಿಗೆ ಕಾಣದ್ದು. ಅದು ಬಿಡುವ ರಸ ಬೇರೆ ಕ್ರಿಮಿಗಳನ್ನು ಕೊಲ್ಲುತ್ತಿತ್ತು. ಅದಕ್ಕೆ ಸ್ಟ್ರೆಪ್ಟೊಮೈಸಿನ್ ಅಂತ ಹೆಸರಿಟ್ಟರು. ಟಿಬಿ ಕ್ರಿಮಿಯೂ ಸತ್ತಿತು, ಪ್ಲೇಗಿನ ಕ್ರಿಮಿಯೂ ಸತ್ತಿತು. 1952ರಲ್ಲಿ ಇದಕ್ಕೆ ನೊಬೆಲ್ ಬಹುಮಾನ ಬಂತು. ಬಂದದ್ದು ಮೇಷ್ಟ್ರು ವಾಕ್ಸ್‌ಮನ್ ಒಬ್ಬರಿಗೇ. ಮಣ್ಣು ಕೆದಕಿದ ಹುಡುಗನಿಗೆ ಬರಲಿಲ್ಲ.

ಹೀಗೆ ಕ್ರಿಮಿ ಕೊಲ್ಲುವ ಮದ್ದಿಗೆ ಆಂಟಿಬಯೋಟಿಕ್ ಅನ್ನುತ್ತಾರೆ. ಪಲ್ಪು ಓದಿದ ಮದ್ರಾಸು ಕಾಲೇಜಿನಲ್ಲೇ ಓದಿದ ಇನ್ನೊಬ್ಬರು ಈ ಕೆಲಸದಲ್ಲಿ ದೊಡ್ಡ ಹೆಸರು ಮಾಡಿದರು. ಯಲ್ಲಾಪ್ರಗಡ ಸುಬ್ಬರಾವ್, ಆಂಧ್ರದ ಭೀಮವರಂನವರು. ಅಮೆರಿಕದ ಒಂದು ಔಷಧ ಕಂಪನಿಯಲ್ಲಿ ಅವರು ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಅಲ್ಲಿ ಡಗ್ಗರ್ ಅನ್ನುವವರು ಮಣ್ಣಿನಿಂದಲೇ ಆರಿಯೋಮೈಸಿನ್ ಅನ್ನುವ ಮದ್ದು ತೆಗೆದರು. ಅದು ಹೊರಗೆ ಬಂದದ್ದು 1948ರಲ್ಲಿ. ಟೆಟ್ರಾಸೈಕ್ಲಿನ್ ಅದೇ ಮನೆತನದ ಮದ್ದು. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಇರುತ್ತದಲ್ಲ, ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿ ತೋರಿಸಿದ್ದೂ ಸುಬ್ಬರಾವ್ ಅವರ ತಂಡವೇ.

1994ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಪ್ಲೇಗು ಅಂತ ಸುದ್ದಿ ಬಂತು. ಲಕ್ಷಗಟ್ಟಲೆ ಜನ ಊರು ಬಿಟ್ಟರು, 1898ರಲ್ಲಿ ಬೆಂಗಳೂರು ಬಿಟ್ಟ ಹಾಗೇ. ಆದರೆ ಈ ಸಲ ಕೈಯಲ್ಲಿ ಟೆಟ್ರಾಸೈಕ್ಲಿನ್ ಇತ್ತು. ಐವತ್ತಕ್ಕೂ ಹೆಚ್ಚು ಜನ ಸತ್ತರು, ನಿಜ. ಸಾವಿರಾರು ಜನ ಸಾಯಲಿಲ್ಲ. ಈಗ ಪ್ಲೇಗನ್ನು ಬೇಗ ಗುರುತು ಹಿಡಿದು ಮದ್ದು ಕೊಟ್ಟರೆ ನೂರಕ್ಕೆ ತೊಂಬತ್ತು ಜನ ಉಳಿಯುತ್ತಾರೆ.

ಹಾಗಾದರೆ ಕತೆ ಮುಗಿಯಿತಾ? ಇಲ್ಲ. ನಾವೂ ತಪ್ಪು ಮಾಡಿದವರೇ, ಹೇಳಿಬಿಡುತ್ತೇವೆ.

ಮಗುವಿಗೆ ನೆಗಡಿ ಜ್ವರ. ಕೂಲಿ ಬಿಟ್ಟು ಆಸ್ಪತ್ರೆ ಸಾಲಿನಲ್ಲಿ ನಿಲ್ಲಲು ಆಗುವುದಿಲ್ಲ. ಮೂಲೆ ಅಂಗಡಿಗೆ ಹೋಗಿ "ಜ್ವರದ ಮಾತ್ರೆ ಕೊಡಿ" ಅಂದೆವು. ಅವನು ಎರಡು ಕ್ಯಾಪ್ಸೂಲ್ ಕತ್ತರಿಸಿ ಕೊಟ್ಟ. ಒಂದು ನುಂಗಿಸಿದೆವು. ಜ್ವರ ಇಳಿಯಿತು. ಇನ್ನೊಂದನ್ನು ಡಬ್ಬಿಯಲ್ಲಿ ಇಟ್ಟೆವು, ಪಕ್ಕದ ಮನೆ ಮಗುವಿಗೆ ಕೊಟ್ಟೆವು. ಆಮೇಲೆ ತಿಳಿಯಿತು, ಮಾಮೂಲಿ ನೆಗಡಿಗೆ ಆಂಟಿಬಯೋಟಿಕ್ ಕೆಲಸವೇ ಮಾಡುವುದಿಲ್ಲ. ಅದು ಬೇರೆ ಜಾತಿಯ ಸೋಂಕು, ತಾನೇ ಹೋಗುತ್ತದೆ. ನಾವು ದುಡ್ಡು ಕೊಟ್ಟು ಮದ್ದನ್ನು ಮೊಂಡು ಮಾಡಿದೆವು.

ಮದ್ದು ಮೊಂಡಾಗುವುದು ಹೇಗೆ? ಮಗಳ ತಲೆಯ ಹೇನು ನೆನಪು ಮಾಡಿಕೊಳ್ಳಿ. ಹೇನಿನ ಔಷಧಿ ಸ್ವಲ್ಪವೇ ಹಚ್ಚಿದರೆ ಮೆತ್ತಗಿನ ಹೇನು ಸಾಯುತ್ತವೆ. ಗಟ್ಟಿ ಹೇನು ಉಳಿಯುತ್ತವೆ. ಅವೇ ಸೀರು ಇಡುತ್ತವೆ. ಮುಂದಿನ ಸಲ ತಲೆ ತುಂಬ ಗಟ್ಟಿ ಹೇನೇ. ಅದೇ ಔಷಧಿ ಹಚ್ಚಿದರೆ ಏನೂ ಆಗುವುದಿಲ್ಲ. ರೋಗದ ಕ್ರಿಮಿಯೂ ಹಾಗೇ. ಗಟ್ಟಿಯಾದ ಕ್ರಿಮಿ ನಮ್ಮ ಮೈಯಲ್ಲೇ ಇರುವುದಿಲ್ಲ, ಪಕ್ಕದವರಿಗೂ ಹೋಗುತ್ತದೆ. ಸಾಂಕ್ರಾಮಿಕ ಅಲ್ಲವಾ!

ಪಕ್ಕದ ಬೀದಿಯಲ್ಲಿ ಒಬ್ಬ ಹೆಣ್ಣುಮಗಳು, ಗಾರ್ಮೆಂಟ್ಸ್ ಕೆಲಸದವಳು. ಟಿಬಿ ಆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮೈ ಕೈ ತುಂಬಿಕೊಂಡಿತು. ಮಾತ್ರೆ ನುಂಗಿದರೆ ವಾಕರಿಕೆ, ಕೆಲಸಕ್ಕೆ ತಡ, ಅತ್ತೆ ಮನೆಯಲ್ಲಿ ಗೊತ್ತಾದರೆ ಏನಂತಾರೋ ಅನ್ನುವ ಹೆದರಿಕೆ. ಬಿಟ್ಟುಬಿಟ್ಟಳು. ವರ್ಷದೊಳಗೆ ಕೆಮ್ಮು ವಾಪಸ್ಸು ಬಂತು. ಈ ಸಲ ಹಳೇ ಮಾತ್ರೆ ನಾಟಲಿಲ್ಲ. ಬೇರೆ ಮಾತ್ರೆ, ಒಂದೂವರೆ ವರ್ಷ. ಕೆಲಸ ಹೋಯಿತು. ಅವಳು ಬದುಕಿದ್ದಾಳೆ. ಆದರೆ ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ.

ತಪ್ಪು ಅವಳದೊಂದೇ ಅಂತ ನಾವು ಹೇಳುವುದಿಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಆದದ್ದು. ಅಲ್ಲಿನ ಡಾಕ್ಟರ್ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ ನೋಡಿದರು. ಹಳ್ಳಿ ಜನ ದಡ್ಡರು, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ ಅಂತ ಆಗ ಎಲ್ಲರೂ ಅನ್ನುತ್ತಿದ್ದರು. 1963ರಲ್ಲಿ ಇವರ ವರದಿ ಬಂತು. ಕ್ಷಯ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಮದ್ದು ಹುಡುಕಿಕೊಂಡು ಹೋಗಿದ್ದರು! ಆಸ್ಪತ್ರೆಗೆ ಹೋದವರಿಗೆ ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ವಾಪಸ್ಸು ಕಳಿಸಿದ್ದರು. ರೋಗಿ ಬಂದಿದ್ದ, ಆಸ್ಪತ್ರೆ ಗುರುತಿಸಲಿಲ್ಲ. ನಮಗೆ ಈ ಡಾಕ್ಟರುಗಳ ಮೇಲೆ ಗೌರವ ಹೆಚ್ಚಾದದ್ದು ಈ ಒಂದು ಮಾತಿಗೆ.

ಹಾಗಾಗಿ ನೀವು ಕೇಳಬೇಕು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ "ಕಫ ಪರೀಕ್ಷೆ ಮಾಡಿ" ಅಂತ ಬಾಯಿಬಿಟ್ಟು ಕೇಳಿ. ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಮಾತ್ರೆಯೂ ಪುಕ್ಕಟೆ. ಮಾಮೂಲಿ ಟಿಬಿಗೆ ಆರು ತಿಂಗಳು ನುಂಗಬೇಕು. ಊಟಕ್ಕೆ ಅಂತ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ 1000 ಮಾಡಿದೆ. ಅದಕ್ಕೆ ಬ್ಯಾಂಕ್ ಖಾತೆ ನಂಬರು ಕೊಡಬೇಕು. ನಂಬರು ಸರಿಯಾಗಿ ಬರೆದಿದ್ದಾರಾ ಅಂತ ನೀವೇ ಓದಿ ನೋಡಿ.

ಇನ್ನು ಮಾತ್ರೆ ಪಟ್ಟಿ. ಇಲ್ಲಿ ಒಂದು ತಂದಿದ್ದೇವೆ, ಕೈಯಿಂದ ಕೈಗೆ ದಾಟಿಸಿ. ಹಿಂದುಗಡೆ ಉದ್ದಕ್ಕೆ ಒಂದು ಕೆಂಪು ಗೆರೆ ಇದೆ, ಕಾಣ್ತಾ? 2016ರಿಂದ ಸರ್ಕಾರ ಈ ಗೆರೆಯ ವಿಷಯ ಜನರಿಗೆ ಹೇಳುತ್ತಿದೆ. ಈ ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ನುಂಗಬಾರದು. ಚೀಟಿಯಲ್ಲಿ ಐದು ದಿನ ಅಂತ ಇದ್ದರೆ ಐದು ದಿನ ನುಂಗಬೇಕು. ಜ್ವರ ಬಿಟ್ಟಿತು ಅಂತ ನಾವಾಗಿಯೇ ನಿಲ್ಲಿಸಬಾರದು. ಗೆರೆ ಓದಲು ಅಕ್ಷರವೂ ಬೇಡ. ಹೆಸರು ಮಾತ್ರ ಇಂಗ್ಲಿಷಿನಲ್ಲಿ ಇದೆ, ಕೆಲವದರ ಮೇಲೆ ಹಿಂದಿ. ಕನ್ನಡದಲ್ಲಿ ಯಾಕಿಲ್ಲ ಅಂತ ನೀವು ಕೇಳುತ್ತೀರಿ. ನಾವೂ ಅದನ್ನೇ ಕೇಳುತ್ತಿದ್ದೇವೆ. ಆದರೆ ಅಂಕಿ ನಿಮಗೆ ಬರುತ್ತದೆ. ಮೊದಲಿನದು ತಿಂಗಳು, ಆಮೇಲಿನದು ವರ್ಷ. ಅಂಥವು ಎರಡು ಇರುತ್ತವೆ. ಒಂದು ತಯಾರಾದದ್ದು, ಇನ್ನೊಂದು ಅವಧಿ ಮುಗಿಯುವುದು. ಹಿಂದಿನ ವರ್ಷ ಯಾವುದು, ಮುಂದಿನದು ಯಾವುದು ನೋಡಿದರೆ ಗೊತ್ತಾಗುತ್ತದೆ.

ಮುಂದಿನ ಗುರುವಾರ ಬರುವಾಗ ನಿಮ್ಮ ಮನೆಯ ಡಬ್ಬಿಯಲ್ಲಿರುವ ಮಾತ್ರೆ ಪಟ್ಟಿಗಳನ್ನೆಲ್ಲ ತನ್ನಿ. ಅರ್ಧ ಉಳಿದಿದ್ದರೂ ತನ್ನಿ, ನಾಚಿಕೆ ಬೇಡ. ನಾವೂ ನಮ್ಮದನ್ನು ತರುತ್ತೇವೆ. ಅಂಕಿ ಪಾಠ ಅದರ ಮೇಲೇ ಮಾಡೋಣ.